ಅಳಿಯನ ಕೊರಳು ನೋಡಲು ಜಾಂಬಿಯಾಕ್ಕೆ

ಸಿಂದಗಿ

ಆ ದಿನ ನಾನು ತೊಗರಿಗೆ ಕೆಮ್ಮಣ್ಣು ಹಚ್ಚುತ್ತಿದ್ದೆ. ಮೊಣಕೈತನಕ ಕೆಂಪು ಕೆಸರು. ಹೀಗೆ ಮಣ್ಣು ಹಚ್ಚಿ ಒಣಗಿಸಿಟ್ಟರೆ ಹುಳ ಮುಟ್ಟುವುದಿಲ್ಲ, ಆಮೇಲೆ ಬೀಸುಕಲ್ಲಿನಲ್ಲಿ ಒಡೆಯುವಾಗ ಸಿಪ್ಪೆ ಸಲೀಸಾಗಿ ಬಿಡುತ್ತದೆ. ಕೈ ತೊಳೆದುಕೊಳ್ಳುವ ಹಾಗಿರಲಿಲ್ಲವಾದ್ದರಿಂದ ಟಪಾಲಿನವನು ಕೊಟ್ಟ ಲಕೋಟೆಯನ್ನು ಸಣ್ಣ ಮಗಳು ಶಾಂತಾ ಒಡೆದು, ಕಂಬಕ್ಕೆ ಆತುಕೊಂಡು ಓದಿದಳು.

ಪತ್ರ ಬಂದದ್ದು ದೊಡ್ಡ ಮಗಳು ಸುವರ್ಣಾಳಿಂದ. ಆಕೆಯ ಗಂಡ ಶಿವಾನಂದ ಆಫ್ರಿಕಾದ ಜಾಂಬಿಯಾ ದೇಶದಲ್ಲಿ ವಿಜ್ಞಾನದ ಮಾಸ್ತರ. ಆಗಸ್ಟ್ ತಿಂಗಳಲ್ಲಿ ಸಾಲೆಗೆ ಸೂಟಿ, ಅವ್ವ ಬರಲಿ, ಕಾರಿನಲ್ಲಿ ಎಲ್ಲರೂ ಕೂಡಿ ಊರೂರು ನೋಡುತ್ತ ಹೋಗಿ, ಕಡೆಗೆ ಬಯಲಲ್ಲೇ ಪ್ರಾಣಿಗಳು ಅಡ್ಡಾಡುವ ವನ ತೋರಿಸುತ್ತೇವೆ ಎಂದು ಬರೆದಿದ್ದಳು. ಅಷ್ಟು ಓದಿ ಶಾಂತಾ ನಿಂತಳು. ಪತ್ರವನ್ನು ಅಪ್ಪನ ಕೈಗೆ ಕೊಟ್ಟು ಒಳಗೆ ಹೋದಳು. ಉಳಿದದ್ದನ್ನು ನಮ್ಮ ಮನೆಯವರು ಓದಿದರು. ಅಳಿಯನ ತಮ್ಮ ಮಲ್ಲಿಕಾರ್ಜುನನಿಗೂ ಅಲ್ಲಿಯೇ ಮಾಸ್ತರಿಕೆ ಸಿಕ್ಕಿದೆ, ಬರುವ ವರ್ಷ ಊರಿನಿಂದ ಹೊರಡುತ್ತಾನೆ, ಬಾಗೇವಾಡಿಯ ಬೀಗರು ಅವನಿಗೆ ನಮ್ಮ ಶಾಂತಾಳನ್ನು ಕೇಳಬೇಕೆಂದಿದ್ದಾರೆ, ಅಪ್ಪ ಅವ್ವ ಏನು ಅನ್ನುತ್ತೀರಿ ಎಂದಿತ್ತು.

ನಮ್ಮ ಮನೆಯವರದು ಅರಿವೆ ಅಂಗಡಿ. ಅಂಗಡಿಗೆ ಊರ ಸುದ್ದಿಯೆಲ್ಲ ಬರುತ್ತದೆ. ತಾಳಿಕೋಟೆಯವನೊಬ್ಬ ಆ ಕಡೆಯ ದೇಶ ನೋಡಿ ಬಂದವನು ಹೇಳಿದ ಮಾತು ಅವರ ಕಿವಿಯಲ್ಲಿ ಕೂತಿತ್ತು.

“ಅಲ್ಲಿಗೆ ಹ್ವಾದ ನಮ್ಮ ಹುಡುಗರು ಮೊದಲ ಶಿವದಾರ ಬಿಚ್ಚತಾರಂತ, ಆಮ್ಯಾಲೆ ಬಾಟ್ಲಿ ಬಿಚ್ಚತಾರಂತ,” ಎಂದರು.

ನಮ್ಮ ಮನೆತನಗಳಲ್ಲಿ ಇಷ್ಟಲಿಂಗ ಒಮ್ಮೆ ಕೊರಳಿಗೆ ಬಂತೆಂದರೆ ಮಣ್ಣಿಗೆ ಹೋಗುವತನಕ ಮೈಯಿಂದ ಅಗಲುವಂತಿಲ್ಲ. ಬೆಳಿಗ್ಗೆ ಅದನ್ನು ಬೆಳ್ಳಿಯ ಕರಡಿಗೆಯಿಂದ ತೆಗೆದು, ಎಡ ಅಂಗೈಯಲ್ಲಿಟ್ಟು ಪೂಜಿಸದೆ ಬಾಯಿಗೆ ತುತ್ತಿಲ್ಲ. ಆ ಕರಡಿಗೆಯನ್ನು ಕೊರಳಿಗೆ ಕಟ್ಟುವ ದಾರವೇ ಶಿವದಾರ. ಅದು ಬಿಚ್ಚಿದ ಮನೆಗೆ ಎರಡನೆಯ ಮಗಳನ್ನೂ ಕೊಡುವುದೇ?

“ಒಬ್ಬಾಕಿನ್ನ ಕಣ್ಣು ಮುಚ್ಚಿ ಕೊಟ್ಟೇವಿ. ಇನ್ನೊಬ್ಬಾಕಿನ್ನ ಕಣ್ಣು ತಕ್ಕೊಂಡು ಕೊಡೂಣು,” ಎಂದರು ನಮ್ಮ ಮನೆಯವರು. “ಅಣ್ಣ ಹೆಂಗದಾನೋ ತಮ್ಮನೂ ಹಂಗ ಆಗತಾನ. ನೀನ ಹೋಗಿ ನೋಡಿ ಬಾ. ನೀ ಹೂಂ ಅಂದ್ರ ಹೂಂ, ಊಹೂಂ ಅಂದ್ರ ಊಹೂಂ.”

ಪಾಸ್‌ಪೋರ್ಟು ಬರುವಷ್ಟರಲ್ಲಿ ಬೇಸಿಗೆ ಕಳೆದು ಮಳೆಗಾಲ ಬಂತು. ಹೊರಡುವ ಮುಂಜಾನೆ ಶಾಂತಾ ಕಡಕ್ ರೊಟ್ಟಿಗಳನ್ನು ಚೀಲಕ್ಕೆ ತುಂಬುತ್ತ, ನನ್ನ ಮುಖ ನೋಡದೆ ಹೇಳಿದಳು. “ಅವ್ವಾ, ನೋಡಾಕ ಹೊಂಟೀದಿ, ಪೂರಾ ನೋಡಿ ಬಾ. ಅರ್ಧಾ ನೋಡಿ ಬರಬ್ಯಾಡ.”

ಅಕ್ಕನ ಮದುವೆಯಲ್ಲಿ ಆಕೆ ಮಲ್ಲಿಕಾರ್ಜುನನನ್ನು ಕಂಡಿದ್ದಳು. ಆಕೆಯ ಮನಸ್ಸು ನನಗೆ ತಿಳಿಯದ್ದೇನಲ್ಲ. ಅದಕ್ಕೇ ನನಗೆ ಮತ್ತಷ್ಟು ಅಂಜಿಕೆ.

ಲುಸಾಕಾ

ವಿಮಾನದಲ್ಲಿ ಕೊಟ್ಟ ಯಾವುದನ್ನೂ ಮುಟ್ಟಲಿಲ್ಲ. ಹಳದಿ ಬಣ್ಣದ ಮೆತ್ತಗಿನ ತಿಂಡಿಯಲ್ಲಿ ತತ್ತಿ ಇದ್ದರೆ? ಪಕ್ಕದ ಗುಜರಾತಿ ಹೆಣ್ಣುಮಗಳು ಒಂದು ಬಾಳೆಹಣ್ಣು ಕೊಟ್ಟಳು. ಸಿಪ್ಪೆಯೊಳಗೆ ಯಾರೂ ಏನೂ ಬೆರೆಸಲಾರರು ಎಂದು ತಿಂದೆ. ಅದೊಂದು ಶಿವನ ಕೃಪೆ.

ವಿಮಾನ ನಿಲ್ದಾಣದಲ್ಲಿ ಅಳಿಯ ನನ್ನ ಕಾಲಿಗೆ ಬಗ್ಗಿದರು. ಬಗ್ಗಿದಾಗ ಅಂಗಿಯ ಕೊರಳಪಟ್ಟಿ ಸಡಿಲಾಯಿತು. ಕೊರಳು ಬರಿದು. ದಾರವಿಲ್ಲ. ನನ್ನ ಬಾಯಿಂದ ಆಶೀರ್ವಾದದ ಮಾತು ಹೊರಡಲು ತಡವಾಯಿತು.

ಅಡಿಗೆಮನೆಯಲ್ಲಿ ಸುವರ್ಣಾಳನ್ನು ಹಿಡಿದೆ. “ನಿನ್ನ ಗಂಡನ ಶಿವದಾರ ಎಲ್ಲೈತಿ?”

ಆಕೆ ಒಗ್ಗರಣೆಯಿಂದ ಕಣ್ಣು ತೆಗೆಯಲಿಲ್ಲ. “ಚೀಲದಾಗ ಇಡತಾರವ್ವಾ. ಸಾಲ್ಯಾಗ ಆ್ಯಸಿಡ್ ಗೀಸಿಡ್ ಹಿಡಿಯೂ ಕೆಲಸ. ಸಿಡಿದೀತಂತ.”

“ಈಗ ಸಾಲಿ ಸೂಟಿ ಐತೆಲ್ಲ?”

“ರೂಢಿ ಆಗೇತಿ.” ಒಗ್ಗರಣೆ ಹೊತ್ತಿತು. ಸುವರ್ಣಾ ಒಗ್ಗರಣೆ ಹೊತ್ತಿಸುವವಳಲ್ಲ.

ಆಕೆ ಸ್ನಾನಕ್ಕೆ ಹೋದಾಗ ನಾನು ಕಪಾಟುಗಳನ್ನು ತೆರೆದು ನೋಡಿದೆ. ಸುಳ್ಳೇಕೆ ಹೇಳಲಿ, ಹೋದದ್ದೇ ಅದಕ್ಕೆ. ಮೇಲಿನ ಫಳಿಯ ಮೂಲೆಯಲ್ಲಿ ಕಂದು ಬಣ್ಣದ ಬಾಟಲಿ. ಬೂಚು ತೆಗೆದು ಮೂಸಿದೆ. ಮೊಮ್ಮಗಳ ಹೊಟ್ಟೆನೋವಿನ ಔಷಧ! ಮೊಮ್ಮಗಳು ಉಮಾ, ಐದು ವರ್ಷದ್ದು, ಬಾಗಿಲಲ್ಲಿ ನಿಂತು ನೋಡುತ್ತಿತ್ತು. “ಆಯಿ, ನಿನಗೂ ಹೊಟ್ಟಿ ನೋವ ಏನು?” ಹೌದೆಂದೆ. ಬಾಟಲಿಯಿಂದ ಪಾರಾದೆವು ಎಂದು ಎರಡನೆಯ ಕೃಪೆ ಎಣಿಸಿಕೊಂಡೆ. ಆದರೆ ಕೊರಳು ಬರಿದೇ ಇತ್ತು.

ಅಳಿಯನ ಚೀಲ ನನಗೆ ಗೊತ್ತಿದ್ದದ್ದೇ. ಮದುವೆಯಲ್ಲಿ ನನ್ನ ಹಳೆಯ ಇಳಕಲ್ ಸೀರೆಯ ಸೆರಗಿನಲ್ಲಿ, ಪೂಜೆಯ ಸಾಮಾನಿಗೆಂದು ನಾನೇ ಹೊಲಿದು ಕೊಟ್ಟದ್ದು. ಅದೇ ಸೆರಗಿನ ಉಳಿದ ತುಂಡಿನಲ್ಲಿ ಹೊಲಿದ ಇನ್ನೊಂದು ಚೀಲದಲ್ಲಿ ನನ್ನ ರೊಟ್ಟಿ, ಶೇಂಗಾ ಚಟ್ನಿ. ಎರಡೂ ಚೀಲ ಅಕ್ಕತಂಗಿಯರ ಹಾಗೆ.

ಸೇತುವೆ

ಅಳಿಯ ಗೆಳೆಯರೊಬ್ಬರ ಬಿಳಿ ಕಾರು ಕೇಳಿ ತಂದಿದ್ದರು. ಮುಂದೆ ಗಂಡ ಹೆಂಡತಿ, ಹಿಂದೆ ನಾನು, ಉಮಾ, ಚೀಲಗಳು. ದಾರಿ ಇಂಡಿ ಕಡೆಯ ಬಯಲಿನ ಹಾಗೆ ನೆಟ್ಟಗೆ. ಹುಲ್ಲು ಒಣಗಿದ ಜೋಳದ ಕಣಿಕೆಯ ಬಣ್ಣ. ನಡುನಡುವೆ ಆಳೆತ್ತರದ ಹುತ್ತಗಳು. ಇಷ್ಟು ದೊಡ್ಡ ಹುತ್ತಕ್ಕೆ ಹಾಲೆರೆಯುವವರು ಒಬ್ಬರೂ ಇಲ್ಲವಲ್ಲ ಎನ್ನಿಸಿತು.

ಗಂಟೆಯೊಳಗೆ ಕಾಫ್ಯೂ ಎಂಬ ಹೊಳೆಯ ಸೇತುವೆ ಬಂತು. ಪಕ್ಕದ ದೇಶದಲ್ಲಿ ಬಿಳಿಯರ ಆಳಿಕೆಯ ವಿರುದ್ಧ ಹೊಡೆದಾಟ ನಡೆದಿದ್ದರಿಂದ ಸೇತುವೆಗೆಲ್ಲ ಬಂದೂಕಿನ ಕಾವಲು. ಸಿಪಾಯಿಯೊಬ್ಬ ಬಗ್ಗಿ ನೋಡಿ, ನನ್ನ ಚೀಲ ಬಿಚ್ಚಿಸಿದ. ಒಂದರ ಮೇಲೊಂದು ಹೊಂದಿಸಿದ ಕಡಕ್ ರೊಟ್ಟಿ ಕಂಡು ಅವನಿಗೆ ಅನುಮಾನ. ಬೆರಳ ಗೆಣ್ಣಿನಿಂದ ಬಡಿದ. ಟಕ್ ಟಕ್ ಎಂದಿತು. ಅವನ ಅನುಮಾನ ನೋಡಿ ನನಗೆ ಸಿಟ್ಟು, ಆದರೆ ಅನುಮಾನದ ಮಂದಿಯನ್ನು ಬಯ್ಯುವ ಹಕ್ಕು ನನಗೆಲ್ಲಿಯದು? ಒಂದು ತುಂಡು ಮುರಿದು ನಾನೇ ಕಟಂ ಎಂದು ಕಡಿದು ತೋರಿಸಿದೆ. ಅವನೂ ಒಂದು ತುಂಡು ಕಡಿದ. ನಕ್ಕ. ಇನ್ನೊಂದು ತುಂಡು ಕೇಳಿ ಜೇಬಿಗಿಟ್ಟುಕೊಂಡ.

ಆಮೇಲೆ ಅವನ ಕೈ ಅಳಿಯನ ಚೀಲದ ಕಡೆ ಹೋಯಿತು. ಅಳಿಯ ಸೀಟಿನಿಂದ ಹಿಂದಕ್ಕೆ ತಿರುಗಿ, ಚೀಲವನ್ನು ಅವಚಿಕೊಂಡು ಇಂಗ್ಲಿಷಿನಲ್ಲಿ ಏನೋ ಹೇಳಿದರು. ಸಿಪಾಯಿ ಕೈ ಹಿಂದೆ ತೆಗೆದ, ತಲೆಯನ್ನೂ ಬಾಗಿಸಿದ.

“ಏನಂದ್ರವ್ವಾ ನಿನ್ನ ಗಂಡ?”

“ದೇವರದು ಐತಿ, ಬಿಚ್ಚಬ್ಯಾಡ ಅಂದ್ರು.”

ದೇವರದ್ದಾದರೆ ಕೊರಳಲ್ಲಿ ಯಾಕಿಲ್ಲ? ಅಲ್ಲಿಯ ಚಳಿಗಾಲದ ಅಂಥ ತಂಪು ಹವೆಯಲ್ಲಿ ಅಳಿಯನ ಹಣೆಯ ಮೇಲೆ ಬೆವರು ಯಾಕೆ? ಸೇತುವೆ ದಾಟುವತನಕ ಅವರು ಒಮ್ಮೆಯೂ ಹೊಳೆಯ ಕಡೆ ನೋಡಲಿಲ್ಲ. ಅದನ್ನೂ ಗುರುತಿಟ್ಟುಕೊಂಡೆ.

ಚೋಮಾ

ಚೋಮಾ ಎಂಬ ಊರಿನಲ್ಲಿ ಮುಕ್ಕಾಂ. ದಾರಿಯ ಹೆಣ್ಣುಮಕ್ಕಳು ನಮ್ಮನ್ನು ಕಂಡೊಡನೆ ಮೊಣಕಾಲು ಬಗ್ಗಿಸಿ, ಎರಡೂ ಅಂಗೈಗಳನ್ನು ಬೊಗಸೆ ಮಾಡಿ ಟಪಟಪ ತಟ್ಟಿದರು. ಭೂತ ಬಿಡಿಸುವವರ ಹಾಗೆ ನಮ್ಮ ಮೇಲೇನಾದರೂ ಹೊರಿಸುತ್ತಿದ್ದಾರೋ ಎಂದು ಉಮಾಳನ್ನು ಸೆರಗಿನೊಳಗೆ ಎಳೆದುಕೊಂಡೆ. ಅದು ಆ ಕಡೆಯ ನಮಸ್ಕಾರವಂತೆ. ನಾಚಿಕೆಯಾಗಿ ನಾನೂ ಎರಡು ಸಲ ತಟ್ಟಿದೆ. ಅವರು ನಕ್ಕ ನಗೆಯಲ್ಲಿ ನನ್ನ ಮೊರಟಗಿಯ ತವರಿನ ಓಣಿಯೇ ಕೇಳಿಸಿತು.

ವಸತಿಗೃಹದ ಅಡಿಗೆಯವಳು ಮೆಕ್ಕೆಜೋಳದ ಹಿಟ್ಟಿನಲ್ಲಿ ನಮ್ಮ ಸಂಗಟಿಮುದ್ದೆಯಂಥದೇ ಬೆಳ್ಳನೆಯ ಅಡಿಗೆ ತೊಳಸುತ್ತಿದ್ದಳು. ಆ ಸೌಟು ಮಾಂಸಕ್ಕೆ ತಾಗಿದ್ದೋ ಏನೋ ಎಂದು ನಾನು ದಿಟ್ಟಿಸಿದ್ದು ನೋಡಿ, ನಾನು ಕೇಳದಿದ್ದರೂ ಆಕೆ ಬೇರೆ ಸೌಟು ತೊಳೆದು, ನನಗೆ ಮೂಸಲು ಕೊಟ್ಟಳು! ಮೂಸಿದೆ. ಉಂಡೆ.

ಬೆಳಿಗ್ಗೆ ಮಿಂದು, ನನ್ನ ಪೂಜೆ ಮುಗಿಸಿ ಹೊರಗೆ ಬಂದರೆ ಅಳಿಯ ಚೀಲ ಹಿಡಿದು ಹಿತ್ತಲ ಗಿಡದ ಕಡೆ ಹೊರಟಿದ್ದರು. ಸ್ವಲ್ಪ ದೂರದಲ್ಲಿ ಹಿಂಬಾಲಿಸಿದೆ. ಗಿಡದ ಆಚೆ ಕುಳಿತರು, ನನಗೆ ಬೆನ್ನು. ಎಡಗೈ ಮುಂದೆ ಚಾಚಿದ್ದು ಮಾತ್ರ ಕಂಡಿತು. ಒಂದು ಗಳಿಗೆ ಎದೆ ಹಗುರಾಯಿತು. ಮರುಗಳಿಗೆಗೆ ಲಕ್ಷ್ಯಕ್ಕೆ ಬಂತು. ಹತ್ತಿರ ನೀರಿನ ತಂಬಿಗೆಯಿಲ್ಲ. ಹೂವಿಲ್ಲ, ಪತ್ರಿಯಿಲ್ಲ. ನೀರಿಲ್ಲದೆ ಎಂಥ ಪೂಜೆ?

“ಅವ್ವಾ!” ಸುವರ್ಣಾ ಹಿಂದಿನಿಂದ ಬಂದು ಕೈ ಹಿಡಿದಳು. “ಕುಂತವರನ್ನ ಹಿಂಗ ಕದ್ದು ನೋಡತಾರೇನು?”

“ಕದ್ದು ಕುಂತವರನ್ನ ಹೆಂಗ ನೋಡಬೇಕವ್ವಾ?”

ಆಕೆ ನನ್ನ ಕೈ ಬಿಟ್ಟು ಒಳಗೆ ಹೋದಳು. ಅತ್ತೆ ಬಂದಿದ್ದಾಳೆ, ಮಲ್ಲಿಕಾರ್ಜುನನ ಸಂಬಂಧ ಕುದುರಬೇಕು, ಅದಕ್ಕೆ ಇದೊಂದು ಸೋಗು ಎಂದು ನನ್ನ ಮನಸ್ಸಿನಲ್ಲಿ ಗಟ್ಟಿಯಾಯಿತು. ಊಹೂಂ ಎಂಬ ಮಾತು ಅಲ್ಲಿಯೇ ನಾಲಿಗೆಯ ತುದಿಗೆ ಬಂದು ಕೂತಿತು. ಶಾಂತಾಳ ಮುಖ ನೆನಪಾಗಿ ಚಹಾದ ಬಟ್ಟಲನ್ನು ಹಾಗೇ ಸರಿಸಿದೆ.

ಲಿವಿಂಗ್‌ಸ್ಟನ್

ಆ ಊರಿನ ಜಲಪಾತವನ್ನು ನಾನು ವರ್ಣಿಸಲಾರೆ. ನಾನು ಬಲ್ಲ ದೊಡ್ಡ ನೀರೆಂದರೆ ಕೊಲ್ಹಾರದ ಹತ್ತಿರದ ಕೃಷ್ಣೆ. ಆಕೆ ಹರಿಯುವವಳು. ಇಲ್ಲಿಯ ಹೊಳೆ ನೆಲ ಸೀಳಿ ಪಾತಾಳಕ್ಕೆ ಬಿದ್ದು, ಹೊಗೆಯಾಗಿ ಮೇಲೇರುತ್ತಿತ್ತು. ಅಂದು ಶ್ರಾವಣ ಸೋಮವಾರ. ಬಾಗೇವಾಡಿಯ ಬಸವಣ್ಣನ ಗುಡಿಗೆ ಹೋಗಲಾಗದ ನನ್ನ ತಲೆಯ ಮೇಲೆ ಅಭಿಷೇಕದ ಹಾಗೆ ಹನಿ ಬಿದ್ದವು. ಅದು ಮೂರನೆಯ ಕೃಪೆ.

ಅಳಿಯ ಮಾತ್ರ ನೀರಿನ ಸಮೀಪಕ್ಕೆ ಬರಲಿಲ್ಲ. ದೂರದಲ್ಲಿ ಚೀಲ ಹಿಡಿದು ನಿಂತೇ ಇದ್ದರು. “ನೀರಂದ್ರ ಇಷ್ಟ್ಯಾಕ ಅಂಜಿಕಿ?” ಎಂದು ಕೇಳಿದೆ. “ಹೊಳಿ ಸುದ್ದಿ ತಗೀಬ್ಯಾಡ ಅವ್ವಾ,” ಎಂದಳು ಸುವರ್ಣಾ.

ಪ್ರಾಣಿವನ

ಮರುದಿನ ಪ್ರಾಣಿವನ. ಕಾವಲುಗಾರ ತಿನ್ನುವ ಸಾಮಾನನ್ನೆಲ್ಲ ಬಾಗಿಲಲ್ಲೇ ಇಟ್ಟು ಹೋಗಿರಿ, ಮಂಗಗಳು ಬಿಡುವುದಿಲ್ಲ, ಕಾರಿನ ಗಾಜು ಇಳಿಸಬೇಡಿರಿ ಎಂದ. ಅಳಿಯ ತಿಳಿಸಿ ಹೇಳಿದರು. ನಾನು ತಲೆಯಾಡಿಸಿ, ರೊಟ್ಟಿಯ ಚೀಲವನ್ನು ಸೀರೆಯ ನೆರಿಗೆಯಡಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಇಟ್ಟು ಹೋದರೆ ತಿನ್ನುವವರು ಮಂಗಗಳೋ ಇವನೋ, ಯಾರಿಗೆ ಗೊತ್ತು? ಸಿಪಾಯಿ ರೊಟ್ಟಿಯ ರುಚಿ ಹಿಡಿದದ್ದನ್ನು ನೋಡಿದ್ದೆನಲ್ಲ.

ಪಟ್ಟೆಯ ಕತ್ತೆಗಳು, ಗಿಡದ ತುದಿ ಮೇಯುವ ಜಿರಾಫೆಗಳು, ದನದ ಹಿಂಡಿನ ಹಾಗೆ ಅಡ್ಡಾಡುತ್ತಿದ್ದವು. ಉಮಾ ಚಪ್ಪಾಳೆ ತಟ್ಟಿತು. ಕಾರು ನಿಲ್ಲಿಸಿದಾಗ ಬಿಸಿಲಿಗೆ ಒಳಗೆಲ್ಲ ಕಾವು. ಮಗುವಿಗೆ ವಾಂತಿ ಬಂದಂತಾಗುತ್ತಿದೆ ಎಂದಿತು. ನಾನು ಗಾಜನ್ನು ಅರ್ಧ ಇಳಿಸಿದೆ.

ಎಲ್ಲಿತ್ತೋ ಏನೋ! ನಾಯಿಯ ಮೋರೆ, ಕರುವಿನ ಗಾತ್ರ, ಅಂಥ ಮಂಗವೊಂದು ಬಾಗಿಲಿಗೆ ಜೋತುಬಿದ್ದು ಒಳಗೆ ಕೈ ಹಾಕಿತು. ರೊಟ್ಟಿಯ ವಾಸನೆಗೆ ಬಂದದ್ದು, ಆದರೆ ಕೈಗೆ ಸಿಕ್ಕ ಚೀಲ ಸೀಟಿನ ಮೇಲಿದ್ದದ್ದು. ಅಳಿಯನ ಚೀಲ. ಕಿತ್ತುಕೊಂಡು ಹತ್ತು ಮಾರು ದೂರದ ಹುತ್ತದ ಮೇಲೆ ಹೋಗಿ ಕುಳಿತಿತು. ಚೀಲ ಹರಿಯಿತು. ವಿಭೂತಿಯ ಗಟ್ಟಿ ಕಡಿದು, ಥೂ ಎಂದು ಉಗುಳಿತು. ಮೋರೆಯೆಲ್ಲ ಬೂದಿ. ಆಮೇಲೆ ಬೆಳ್ಳಿಯ ಕರಡಿಗೆ ತೆಗೆಯಿತು.

ನನಗೆ ಅಳಿಯ, ಸಂಬಂಧ, ಅನುಮಾನ ಎಲ್ಲ ಮರೆತುಹೋಯಿತು. ಲಿಂಗ ಮಂಗದ ಕೈಯಲ್ಲಿದೆ ಎಂಬುದೊಂದೇ. ಬಾಗಿಲು ತೆಗೆದು ಇಳಿದೇ ಬಿಟ್ಟೆ.

“ಅತ್ತೀ, ಇಳೀಬ್ಯಾಡ್ರೀ! ಹರೀತಾವ್ರೀ ಅವು!” ಅಳಿಯ ಕೂಗಿದರು.

“ಲಿಂಗ ಐತ್ರೀ ಅದರಾಗ!” ಎನ್ನುತ್ತ ಓಡಿದೆ. ಪೊದೆಯಿಂದ ಇನ್ನೆರಡು ಮಂಗ ಎದ್ದು ಹಲ್ಲು ತೋರಿಸಿದವು.

“ಇಲ್ರೀ! ಅದರಾಗ ಏನೂ ಇಲ್ರೀ, ಅತ್ತಿ! ಖಾಲಿ ಐತ್ರೀ! ಖಾಲಿ!”

ನನ್ನ ಕಾಲು ನಿಂತವು. ಅಷ್ಟರಲ್ಲಿ ಅಳಿಯ ಓಡಿ ಬಂದು ನನಗೂ ಮಂಗಗಳಿಗೂ ನಡುವೆ ನಿಂತಿದ್ದರು. ಹುತ್ತದ ಮೇಲೆ ಮಂಗ ಕರಡಿಗೆಯನ್ನು ಬಿಚ್ಚಿತು. ಒಳಗೆ ಬೆರಳು ಹಾಕಿ ನೋಡಿತು. ತಲೆಕೆಳಗು ಮಾಡಿ ಅಲ್ಲಾಡಿಸಿತು. ಏನೂ ಬೀಳಲಿಲ್ಲ.

ನಾನು ನೆರಿಗೆಯಡಿಯ ರೊಟ್ಟಿಯ ಚೀಲವನ್ನೇ ಎತ್ತಿ ಬೀಸಿ ಒಗೆದೆ. ಮಂಗ ಕರಡಿಗೆ ಬಿಟ್ಟು ರೊಟ್ಟಿಗೆ ಹಾರಿತು. ಅಳಿಯ ಕರಡಿಗೆ ಆರಿಸಿಕೊಂಡರು. ಇಬ್ಬರೂ ಕಾರಿನೊಳಗೆ ಬಂದು ಗಾಜು ಏರಿಸಿದಾಗ ಹೊರಗೆ ಕಟಂ ಕಟಂ ಸದ್ದು. ಜೀವ ಉಳಿಯಿತು. ಎಷ್ಟನೆಯ ಕೃಪೆಯೋ, ಎಣಿಕೆ ತಪ್ಪಿತ್ತು.

ಅಳಿಯ ಸ್ಟೇರಿಂಗ್ ಹಿಡಿದು ಮುಂದೆ ನೋಡುತ್ತಲೇ ಹೇಳಿದರು. “ವರ್ಷದ ಮ್ಯಾಲಾತ್ರಿ. ಕಾಫ್ಯೂ ಹೊಳಿಗೆ ಮಾಸ್ತರು ಮಂದಿ ಎಲ್ಲಾ ಹೋಗಿದ್ವಿ. ನಮ್ಮ ಕೃಷ್ಣಾ ಹೊಳ್ಯಾಗ ನಿಂತಂಗ ಮೊಣಕಾಲ ಮಟ ನೀರಾಗ ನಿಂತು ಪೂಜಾ ಮಾಡಾಕತ್ತಿದ್ನಿ. ಬಾಜೂಕ ನೀರಾನೆ ಬುಸ್ಸಂತ ಎದ್ದುಬಿಡ್ತು. ಕೈ ಅಳ್ಳಾಡ್ತು. ಅಂಗೈಯಾಗಿಂದ ಜಾರಿತ್ರಿ.”

“ಹುಡುಕಲಿಲ್ಲೇನ್ರಿ?”

“ಸಂಜೀತನಕ ದಂಡ್ಯಾಗ ನಿಂತಿದ್ರವ್ವಾ,” ಎಂದಳು ಸುವರ್ಣಾ. “ಮೊಸಳಿ ತುಂಬಿದ ಹೊಳಿ. ಮಂದಿ ಹಿಡಕೊಂಡು ಎಳಕೊಂಡು ಬಂದ್ರು. ಮೂರು ದಿನಾ ಅನ್ನಾ ಮುಟ್ಟಲಿಲ್ಲ.”

“ಮತ್ತ ಬರದು ತಿಳಸಬೇಕಿತ್ತು.”

“ಏನಂತ ಬರೀಲಿರಿ?” ಎಂದರು ಅಳಿಯ. “ಲಿಂಗ ಗುರುವಿನ ಕೈಯಿಂದ ಬರೂದು, ಟಪಾಲಿನ್ಯಾಗ ಬರೂದಲ್ಲ. ಸುದ್ದಿ ತಿಳದ್ರ ನಮ್ಮಪ್ಪ ಎದಿ ಒಡಕೋತಾನ. ತಮ್ಮ ಮಲ್ಲೂನ ಸಂಬಂಧ ಮುರೀತೈತಿ. ಊರಿಗೆ ಬಂದಾಗ ಮಠಕ್ಕ ಹೋದ್ರಾತು ಅಂತಿದ್ನಿ.”

“ಖಾಲಿ ಕರಡಗೀನ ಕೊರಳಾಗ ಹಾಕ್ಕೊಂಡಿದ್ರ ನನಗ ತಿಳೀತಿರಲಿಲ್ಲ.”

“ಅದು ಸುಳ್ಳಾಗತಿತ್ರಿ,” ಎಂದರು. ಅಷ್ಟೇ.

ಆದರೂ ನನ್ನ ಸ್ವಭಾವ ನನ್ನದು. ಹೊಳೆಯ ಕಥೆ ಕಟ್ಟಿದ್ದೋ ನಿಜವೋ? ಗಿಡದ ಮರೆಯ ಪೂಜೆ ನಾನು ಬಂದ ಮೇಲಿನದೋ? ವಸತಿಗೆ ಬಂದ ಮೇಲೆ ಉಮಾಳನ್ನು ಒಬ್ಬಳನ್ನೇ ತೊಡೆಯ ಮೇಲೆ ಕೂಡಿಸಿಕೊಂಡೆ. “ನಿಮ್ಮಪ್ಪ ಮುಂಜಾನೆ ಏನ್ ಮಾಡತಾನವ್ವಾ?”

ಮಗು ಕೆಳಗಿಳಿದು, ಕಾಲು ಮಡಿಚಿ ಕುಳಿತು, ಎಡ ಅಂಗೈ ಮುಂದೆ ಚಾಚಿ ನೋಡತೊಡಗಿತು. “ಹಿಂಗ ಕುಂದರ್ತಾನ. ಕೈಯಾಗ ಏನೂ ಇರಂಗಿಲ್ಲ ಆಯಿ. ಆದ್ರೂ ನೋಡತಾನ. ಆಮ್ಯಾಲೆ ಚಾ ಕುಡೀತಾನ.”

“ಯಾವಾಗಿಂದ? ನಾ ಬಂದ ಮ್ಯಾಲೆ?”

“ಹೇ, ನಾ ಸಾಲಿಗೆ ಹೋಗೂದಕ್ಕಿಂತ ಮೊದಲಿಂದ!”

ಮರುದಿನ ಬೆಳಿಗ್ಗೆ ಪೂಜೆಗೆ ಕುಳಿತಾಗ ಅಳಿಯ ಬರಿಗೈಯಲ್ಲಿ ಹಿತ್ತಲ ಕಡೆ ಹೊರಟಿದ್ದರು. ಕರೆದೆ. “ನನ್ನ ಲಿಂಗ ನಿಮಗ ಕೊಡಾಕ ಬರಂಗಿಲ್ರಿ. ಆದ್ರ ಗಿಡದ ಮರೀಗೆ ಕುಂದರೂದು ಸಾಕು. ಇಲ್ಲೇ ಬಾಜೂಕ ಕುಂದರ್ರಿ.”

ಕುಳಿತರು. ನನ್ನ ಅಂಗೈ ತುಂಬಿತ್ತು, ಅವರದು ಬರಿದು. ಇಬ್ಬರೂ ಅವರವರ ಅಂಗೈ ನೋಡಿದೆವು.

ಮತ್ತೆ ಸಿಂದಗಿ

ನಮ್ಮ ಮನೆಯವರು ಎಲ್ಲ ಕೇಳಿಸಿಕೊಂಡರು. “ಅಂದ್ರ ಅಳಿಯನ ಕೊರಳಾಗ ಲಿಂಗ ಇಲ್ಲ.”

“ಇಲ್ಲ.”

“ತಾಳಿಕೋಟ್ಯಾಂವ ಹೇಳಿದ್ದು ಖರೆ ಆತಲ್ಲ ಹಂಗಾರ?”

“ನನ್ನ ಮುಂದ ಎರಡು ಮಂಗ ಹಲ್ಲು ಕಿಸಗೊಂಡು ನಿಂತಿದ್ವು. ಆಗ ಒದರಿ ಖರೆ ಹೇಳಿದ್ರು. ಸುಮ್ಮನಿದ್ರ ಸಂಬಂಧ ಉಳೀತಿತ್ತು, ನಾ ಉಳೀತಿರಲಿಲ್ಲ. ಒಂದ ವರ್ಷ ಯಾರೂ ನೋಡದ ಜಾಗಾದಾಗ ಖಾಲಿ ಅಂಗೈ ನೋಡಿ ಚಾ ಕುಡದಾರ. ಊರಾಗ ಲಿಂಗ ಕಟಗೊಂಡವರು ಎಷ್ಟು ಮಂದಿ ಅಷ್ಟು ನೋಡತಾರ ಹೇಳ್ರಿ.”

ಅವರು ರುಮಾಲು ಸುತ್ತಿಕೊಂಡು ಎದ್ದರು. “ಬಾಗೇವಾಡಿ ಬಸ್ಸಿಗೆ ಹೋಗಿ ಬರತೇನಿ. ಮದುವಿಗೆ ಅಳ್ಯಾ ಬಂದಾಗ ಮೊದಲ ಮಠಕ್ಕ ಕರಕೊಂಡು ಹೋಗೂಣು. ಅಕ್ಷತಾ ಆಮ್ಯಾಲೆ.”

ಪಡಸಾಲೆಯಲ್ಲಿ ಶಾಂತಾ ಬೀಸುಕಲ್ಲು ಹೂಡಿ ಕುಳಿತಿದ್ದಳು. ನಾನು ಕೆಮ್ಮಣ್ಣು ಹಚ್ಚಿಟ್ಟು ಹೋದ ತೊಗರಿಯ ಒಂದು ಚೀಲ ಹಾಗೇ ಉಳಿದಿತ್ತು. ಎದುರಿಗೆ ಕುಳಿತೆ.

“ಅರ್ಧಾ ನೋಡಿ ಬಂದಿಯೋ, ಪೂರಾ ನೋಡಿ ಬಂದಿಯೋ?” ಎಂದಳು, ಕಲ್ಲನ್ನೇ ನೋಡುತ್ತ.

“ಪೂರಾ ನೋಡೇನಿ. ಗೂಟ ಹಿಡಿ.”

“ಎಷ್ಟು ಒಡೀಬೇಕವ್ವಾ?”

“ಇದ್ದಷ್ಟೂ. ಈ ವರ್ಷ ಮನಿ ಖರ್ಚಿನಷ್ಟ ಬ್ಯಾಳಿ ಸಾಲಂಗಿಲ್ಲ.”

ಆಕೆಯ ಕೈ ಗೂಟದ ಮೇಲೆ ಒಂದು ಗಳಿಗೆ ನಿಂತಿತು. ಆಮೇಲೆ ಎಷ್ಟು ಜೋರಾಗಿ ತಿರುವಿದಳೆಂದರೆ ಬೇಳೆ ಪಡಸಾಲೆಯ ಅಂಚಿನತನಕ ಸಿಡಿಯಿತು. “ಸಾವಕಾಶ,” ಎಂದು ಬಯ್ದು, ಕಲ್ಲಿನ ಬಾಯಿಗೆ ಇನ್ನೊಂದು ಹಿಡಿ ತೊಗರಿ ಹಾಕಿದೆ.